ಕೌಂಟರಿನಲ್ಲಿ ಕೇಳಿದ್ದನ್ನೇ ಪೋಸ್ಟ್ ಮಾಡಿ

ಪ್ರಶ್ನೆ: ನಾನು ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಸಹಾಯಕ ಗ್ರಂಥಪಾಲಕಿ. ನಮ್ಮ ಲೈಬ್ರರಿಗೆ ಎರಡು ವರ್ಷದಿಂದ ಫೇಸ್‌ಬುಕ್ ಪುಟ, ಇನ್‌ಸ್ಟಾಗ್ರಾಂ ಖಾತೆ ಇವೆ. ಜಯಂತಿಗಳ ಪೋಸ್ಟರ್, ಹೊಸ ಪುಸ್ತಕಗಳ ಪಟ್ಟಿ, ಕಾರ್ಯಕ್ರಮದ ಫೋಟೊ ತಪ್ಪದೆ ಹಾಕುತ್ತೇವೆ. ಒಂದು ಪೋಸ್ಟಿಗೆ 10–11 ಲೈಕ್ ಬಂದರೆ ಹೆಚ್ಚು. ಅದರಲ್ಲೂ ಅರ್ಧ ನಮ್ಮ ಸಿಬ್ಬಂದಿಯದೇ. ಸಾವಿರಾರು ವಿದ್ಯಾರ್ಥಿಗಳಿರುವ ಕ್ಯಾಂಪಸ್‌ನಲ್ಲಿ ಹೀಗೇಕೆ? ಬೇರೆ ಕಡೆಯ ಲೈಬ್ರರಿಗಳು ಏನು ಮಾಡುತ್ತವೆ? ಇದಕ್ಕೆಂದು ನಮ್ಮಲ್ಲಿ ಪ್ರತ್ಯೇಕ ಜನ ಇಲ್ಲ, ಹಣವೂ ಇಲ್ಲ.

ಉತ್ತರ: ಮೇಡಂ, ಎರಡು ವರ್ಷ ಬಿಡದೆ ಪುಟ ನಡೆಸಿದ್ದೀರಿ. ಅದು ಸಣ್ಣ ಕೆಲಸ ಅಲ್ಲ. ಎಷ್ಟೋ ಲೈಬ್ರರಿಗಳ ಪುಟ ಉದ್ಘಾಟನೆಯಾದ ಆರು ತಿಂಗಳಿಗೇ ನಿಂತುಹೋಗುತ್ತದೆ. ನಿಮ್ಮ ಶ್ರಮದಲ್ಲಿ ಕೊರತೆ ಇಲ್ಲ. ಆದರೆ ನೀವು ಹೇಳಿದ ಮೂರು ಬಗೆಯ ಪೋಸ್ಟನ್ನೂ ಒಮ್ಮೆ ವಿದ್ಯಾರ್ಥಿಯ ಜಾಗದಲ್ಲಿ ನಿಂತು ನೋಡಿ. ಜಯಂತಿಯ ಪೋಸ್ಟರ್ ಅವನ ಮೊಬೈಲಿಗೆ ಬೆಳಿಗ್ಗೆಯಿಂದ ಹತ್ತು ಕಡೆಯಿಂದ ಬಂದಿರುತ್ತದೆ. ಹೊಸ ಪುಸ್ತಕಗಳ ಪಟ್ಟಿ ಅಂದರೆ 80 ಹೆಸರು ಇರುವ ಪಿಡಿಎಫ್. ಅದರಲ್ಲಿ ಅವನಿಗೆ ಬೇಕಾದದ್ದು ಒಂದೋ ಎರಡೋ. ಕಾರ್ಯಕ್ರಮದ ಫೋಟೊದಲ್ಲಿ ವೇದಿಕೆಯ ಮೇಲಿನವರು ಇರುತ್ತಾರೆ, ಅವನು ಇರುವುದಿಲ್ಲ. ಲೈಬ್ರರಿ ಹೇಳಬೇಕು ಅಂದುಕೊಂಡದ್ದೆಲ್ಲ ನಿಮ್ಮ ಪುಟದಲ್ಲಿದೆ. ವಿದ್ಯಾರ್ಥಿ ಕೇಳಬೇಕು ಅಂದುಕೊಂಡದ್ದು ಇಲ್ಲ.

ಅದು ಏನು ಅಂತ ತಿಳಿಯೋಕೆ ಒಂದು ನೋಟ್‌ಬುಕ್ ಸಾಕು. ಹದಿನೈದು ದಿನ ಕೌಂಟರಿನ ಮೇಲೆ ಇಡಿ. ಬಂದವರು ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ನೀವೇ ತಿದ್ದಿ ಚಂದ ಮಾಡಬೇಡಿ. ನಾನು ಹೀಗೆ ಬರೆದಿಟ್ಟ ಪುಟಗಳಲ್ಲಿ ಇದ್ದದ್ದು ಇಂಥವು: "ಐಡಿ ಕಾರ್ಡ್ ಇನ್ನೂ ಬಂದಿಲ್ಲ, ಒಳಗೆ ಬಿಡ್ತೀರಾ?" "ರಿನ್ಯೂ ಮಾಡ್ಸೋಕೆ ಬುಕ್ ತರಲೇಬೇಕಾ?" "ಸ್ವಂತ ಪುಸ್ತಕ ತಂದು ಓದಬಹುದಾ ಸರ್?" "ಹಳೇ ಕ್ವೆಶ್ಚನ್ ಪೇಪರ್ ಎಲ್ಲಿ?" "ನೋ ಡ್ಯೂ ಇವತ್ತೇ ಸಿಗುತ್ತಾ?" "ಪ್ಲೇಜಿಯರಿಸಂ ಎಷ್ಟು ಪರ್ಸೆಂಟ್ ಇದ್ರೆ ಪರವಾಗಿಲ್ಲ?" ನಿಮ್ಮ ಮುಂದಿನ ಆರು ತಿಂಗಳ ಪೋಸ್ಟುಗಳು ಇವೇ. ಒಂದು ಪ್ರಶ್ನೆಗೆ ಒಂದು ಪೋಸ್ಟ್. ಮೇಲೆ ವಿದ್ಯಾರ್ಥಿಯ ಮಾತು ಹಾಗೆಯೇ, ಕೆಳಗೆ ಮೂರು ಸಾಲಿನ ಉತ್ತರ.

ಒಂದು ಘಟನೆ ಹೇಳುತ್ತೇನೆ. ನಾನು ರೆಫರೆನ್ಸ್ ವಿಭಾಗದಲ್ಲಿದ್ದಾಗ ಒಂದು ಮಧ್ಯಾಹ್ನ ಎಂ.ಎ. ಮೊದಲ ವರ್ಷದ ಹುಡುಗಿಯೊಬ್ಬಳು ಪುಸ್ತಕದ ರ್‍ಯಾಕ್‌ಗಳ ನಡುವೆ ಸುತ್ತುತ್ತಲೇ ಇದ್ದಳು. ಅರ್ಧ ಗಂಟೆಯಾದರೂ ಕೈಯಲ್ಲಿ ಪುಸ್ತಕ ಇಲ್ಲ. ಹತ್ತಿರ ಹೋಗಿ ಕೇಳಿದೆ. ಅಂಗೈ ಬಿಚ್ಚಿ ತೋರಿಸಿದಳು. ಕಂಪ್ಯೂಟರಿನಲ್ಲಿ ಕಂಡ ನಂಬರನ್ನು ಪೆನ್ನಿನಲ್ಲಿ ಬರೆದುಕೊಂಡಿದ್ದಳು, ಬೆವರಿಗೆ ಅರ್ಧ ಅಳಿಸಿಹೋಗಿತ್ತು: 894.8143. ಅದು ಪುಸ್ತಕದ ವಿಷಯ ಹೇಳುವ ನಂಬರ್, ಅವಳು ರ್‍ಯಾಕ್ ನಂಬರ್ ಅಂದುಕೊಂಡಿದ್ದಳು. ನಮ್ಮಲ್ಲಿ ಇದ್ದದ್ದೇ 120 ರ್‍ಯಾಕ್. 894ನೇ ರ್‍ಯಾಕ್ ಮೇಲಿನ ಮಹಡಿಯಲ್ಲಿ ಇರಬಹುದು ಅಂತ ಎರಡು ಸಲ ಮೇಲೆ ಹೋಗಿ ಬಂದಿದ್ದಳು. ಕೌಂಟರಿನಲ್ಲಿ ಕೇಳಬಹುದಿತ್ತಲ್ಲಮ್ಮ ಅಂದೆ. "ಎಲ್ಲರಿಗೂ ಗೊತ್ತಿರೋದನ್ನ ಹೆಂಗೆ ಕೇಳೋದು ಸರ್" ಅಂದಳು.

ಆ ದಿನ ಸಂಜೆ ಅಟೆಂಡರ್ ಒಬ್ಬರ ಮೊಬೈಲಿನಲ್ಲೇ ಒಂದು ವಿಡಿಯೊ ಮಾಡಿದೆವು. ಐವತ್ತು ಸೆಕೆಂಡ್ ಇರಬಹುದು. ಯಾರ ಮುಖವೂ ಇಲ್ಲ. ಪುಸ್ತಕದ ಬೆನ್ನಿನ ಚೀಟಿಯ ಮೇಲೆ ಒಂದು ಬೆರಳು ನಿಧಾನವಾಗಿ ಸರಿಯುತ್ತದೆ, ಅಷ್ಟೆ. 894.814 ಅಂದರೆ ಕನ್ನಡ ಸಾಹಿತ್ಯ. ಅದರ ಮುಂದೆ 1 ಬಂದರೆ ಕವಿತೆ, 2 ಬಂದರೆ ನಾಟಕ, 3 ಬಂದರೆ ಕತೆ-ಕಾದಂಬರಿ. ಕೆಳಗಿನ ಅಕ್ಷರಗಳು ಲೇಖಕರ ಹೆಸರಿನವು. ಬೆರಳು ಆ ಹುಡುಗಿಯದೇ, ದನಿಯೂ ಅವಳದೇ. ಒಪ್ಪಿಗೆ ಕೇಳಿದಾಗ ಖುಷಿಯಿಂದ ಒಪ್ಪಿದಳು. ವಿಡಿಯೊ ತರಗತಿಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡಿತು. ಮುಂದಿನ ವಾರದಿಂದ "ಆ ಬೆರಳಿನ ವಿಡಿಯೊ ನೋಡಿದೆ ಸರ್, ನನ್ನ ಪುಸ್ತಕ ನಾನೇ ಹುಡುಕಿದೆ" ಅಂತ ಹೇಳಿಕೊಂಡು ಬಂದವರಿದ್ದಾರೆ. ಅದಕ್ಕೆ ಎಷ್ಟು ಲೈಕ್ ಬಂತು ಅಂತ ನಾವು ಲೆಕ್ಕ ಇಡಲೇ ಇಲ್ಲ.

ಅವಳ ಮಾತು ಒಬ್ಬಳದಲ್ಲ. 1986ರಲ್ಲಿ ಅಮೆರಿಕದ ಸಂಶೋಧಕಿ ಕಾನ್‌ಸ್ಟನ್ಸ್ ಮೆಲನ್ ಅವರು ಎರಡು ವರ್ಷದ ಅಧ್ಯಯನವೊಂದನ್ನು ಪ್ರಕಟಿಸಿದರು. 6,000 ವಿದ್ಯಾರ್ಥಿಗಳು ಲೈಬ್ರರಿ ಬಳಸಿದ ಅನುಭವವನ್ನು ಬರೆದುಕೊಟ್ಟಿದ್ದರು. ಮೊದಮೊದಲು ಅನಿಸಿದ್ದು ಭಯವೇ ಅಂತ ಬರೆದವರು ಶೇ 75ರಿಂದ 85. ಮೆಲನ್ ಇದಕ್ಕೆ ಇಟ್ಟ ಹೆಸರನ್ನು ನಾವು ಲೈಬ್ರರಿಯ ಅಂಜಿಕೆ ಅನ್ನಬಹುದು. ಬೇರೆಯವರಿಗೆಲ್ಲ ಗೊತ್ತಿದೆ, ನನಗೊಬ್ಬನಿಗೇ ಗೊತ್ತಿಲ್ಲ, ಕೇಳಿದರೆ ಮರ್ಯಾದೆ ಹೋಗುತ್ತದೆ ಅನ್ನುವ ಅಂಜಿಕೆ. ಅಮೆರಿಕದಲ್ಲೇ ಹೀಗಿದ್ದರೆ, ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲಿಗರೇ ಜಾಸ್ತಿ ಇರುವ ನಮ್ಮ ಕ್ಯಾಂಪಸ್‌ಗಳಲ್ಲಿ ಎಷ್ಟಿರಬಹುದು ನೋಡಿ. ಲೈಬ್ರರಿಗೆ ಸಾಮಾಜಿಕ ಜಾಲತಾಣ ಯಾಕೆ ಬೇಕು ಅಂದರೆ ನನ್ನ ಉತ್ತರ ಇದೇ. ಕೌಂಟರಿನ ಮುಂದೆ ನಾಲ್ಕು ಜನರ ಎದುರು ಬಾಯಿ ಬಿಡದ ಹುಡುಗ, ರಾತ್ರಿ ಹಾಸ್ಟೆಲಿನಲ್ಲಿ ಕೂತು ಮೆಸೇಜ್ ಹಾಕುತ್ತಾನೆ.

ಹಾಕಿದಾಗ ಉತ್ತರ ಬರಬೇಕು. ಪೋಸ್ಟ್ ಹಾಕುವುದಕ್ಕಿಂತ ಇದು ದೊಡ್ಡ ಕೆಲಸ. ನನಗೆ ಗೊತ್ತಿರುವ ಒಂದು ಲೈಬ್ರರಿಯ ಪುಟದಲ್ಲಿ ಒಬ್ಬ ವಿದ್ಯಾರ್ಥಿ "ಸರ್, ಭಾನುವಾರ ಓಪನ್ ಇದೆಯಾ?" ಅಂತ ಕೇಳಿದ್ದ. ಯಾರೂ ಉತ್ತರಿಸಲಿಲ್ಲ. 40 ಕಿಲೋಮೀಟರ್ ಬಸ್ಸಿನಲ್ಲಿ ಬಂದು ಬೀಗ ನೋಡಿ ವಾಪಸ್ ಹೋದ. ಅದೇ ವಾರ ಆ ಪುಟದಲ್ಲಿ ಮೂರು ಪೋಸ್ಟರ್ ಬಂದಿದ್ದವು. ಅವನು ಮತ್ತೆ ಆ ಪುಟದಲ್ಲಿ ಏನನ್ನಾದರೂ ಕೇಳುತ್ತಾನಾ? ಇಲ್ಲ. ಹಾಗಾಗಿ ನಿಯಮ ಮಾಡಿಕೊಳ್ಳಿ: ಬೆಳಿಗ್ಗೆ ಕೆಲಸ ಶುರುವಾದಾಗ ಕಾಲು ಗಂಟೆ, ಸಂಜೆ ಮನೆಗೆ ಹೋಗುವ ಮೊದಲು ಕಾಲು ಗಂಟೆ, ಬಂದ ಮೆಸೇಜ್‌ಗಳಿಗೆ ಉತ್ತರ. ಉತ್ತರ ಗೊತ್ತಿಲ್ಲದಿದ್ದರೆ "ವಿಚಾರಿಸಿ ನಾಳೆ ಹೇಳುತ್ತೇವೆ" ಅಂತಾದರೂ ಬರೆಯಿರಿ. ಪುಟದ ಮೇಲ್ಗಡೆ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಉತ್ತರ ಸಿಗುತ್ತದೆ ಅಂತ ಬರೆದಿಟ್ಟರೆ ನಿಮಗೂ ರಾತ್ರಿ ನಿದ್ದೆ, ಅವರಿಗೂ ಗೊಂದಲ ಇಲ್ಲ.

ಎಲ್ಲಿ ಮಾತಾಡಬೇಕು ಅನ್ನುವುದು ಮುಂದಿನ ವಿಷಯ. ನಮ್ಮ ವಿದ್ಯಾರ್ಥಿಗಳು ಇರುವುದು ವಾಟ್ಸಾಪ್‌ನಲ್ಲಿ, ಆಮೇಲೆ ಇನ್‌ಸ್ಟಾಗ್ರಾಂ, ಯೂಟ್ಯೂಬ್‌ನಲ್ಲಿ. ಫೇಸ್‌ಬುಕ್‌ನಲ್ಲಿ ಸಿಗುವವರು ಹೆಚ್ಚಾಗಿ ಹಳೆಯ ವಿದ್ಯಾರ್ಥಿಗಳು, ಮೇಷ್ಟ್ರುಗಳು, ನಿವೃತ್ತರು. ಅದನ್ನು ಮುಚ್ಚಬೇಡಿ, ಅಲ್ಲಿ ಬೇರೆ ಮಾತಾಡಿ. 1970ರ ದಶಕದ ರೀಡಿಂಗ್ ರೂಮಿನ ಒಂದು ಕಪ್ಪು-ಬಿಳುಪು ಫೋಟೊ ಹಾಕಿ, "ಇದರಲ್ಲಿ ಯಾರಿದ್ದಾರೆ, ಗುರುತು ಸಿಕ್ಕಿತಾ?" ಅಂತ ಕೇಳಿ. ನಿಮ್ಮ ಲೈಬ್ರರಿಯ ಇತಿಹಾಸವನ್ನು ಅವರೇ ಬರೆದುಕೊಡುತ್ತಾರೆ.

ವಾಟ್ಸಾಪ್‌ನಲ್ಲಿ ಮಾತ್ರ ದಯವಿಟ್ಟು ದೊಡ್ಡ ಗ್ರೂಪ್ ಮಾಡಬೇಡಿ. ಒಂದು ಗ್ರೂಪಿನಲ್ಲಿ 1,024 ಜನರವರೆಗೆ ಇರಬಹುದು, ಹಾಗಂತ ಅಷ್ಟೂ ಜನರಿಗೆ ಪ್ರತಿಯೊಬ್ಬ ಹುಡುಗಿಯ ಫೋನ್ ನಂಬರ್ ಕಾಣಬೇಕಾ? ಲೈಬ್ರರಿಗೆ ಸೇರಿದ ಕಾರಣಕ್ಕೆ ಅಪರಿಚಿತರಿಂದ ಮೆಸೇಜ್ ಬರಲು ಶುರುವಾದರೆ ಅದಕ್ಕೆ ನಾವೇ ಹೊಣೆ. 2023ರಿಂದ ವಾಟ್ಸಾಪ್ ಚಾನೆಲ್ ಸೌಲಭ್ಯ ನಮ್ಮ ದೇಶದಲ್ಲೂ ಇದೆ. ಅದರಲ್ಲಿ ಒಬ್ಬ ಸದಸ್ಯರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ತಿರುಗಿ ಪ್ರಶ್ನೆ ಕೇಳಲು ಅಲ್ಲಿ ಆಗದು, ಆದ್ದರಿಂದ ಲೈಬ್ರರಿಯದೇ ಒಂದು ನಂಬರನ್ನು ಪ್ರತಿ ಪೋಸ್ಟಿನ ಕೆಳಗೆ ಕೊಡಿ. ಆ ನಂಬರ್ ಯಾರದೋ ಸ್ವಂತ ಸಿಮ್ ಆಗಿರಬಾರದು. ಖಾತೆ ತೆರೆದವರು ವರ್ಗವಾಗಿ ಹೋದರು, ಒಟಿಪಿ ಅವರ ಫೋನಿಗೇ ಹೋಗುತ್ತದೆ, ಪುಟ ಅನಾಥವಾಯಿತು ಅನ್ನುವ ಕತೆ ನಾನು ಹಲವು ಕಡೆ ಕೇಳಿದ್ದೇನೆ. ಕಚೇರಿಯ ಸಿಮ್, ಕಚೇರಿಯ ಇಮೇಲ್, ಕನಿಷ್ಠ ಇಬ್ಬರಿಗೆ ಪಾಸ್‌ವರ್ಡ್. ಇದು ಮೊದಲೇ ಆಗಲಿ.

ಖಾಸಗಿತನದ ಮಾತು ಬಂದಿದ್ದರಿಂದ ಇನ್ನೆರಡು ವಿಷಯ. ಪುಸ್ತಕ ಹಿಂದಿರುಗಿಸದವರ ಹೆಸರಿನ ಪಟ್ಟಿ ಹಾಕುವ ಅಭ್ಯಾಸ ಕೆಲವು ಕಡೆ ಇದೆ. ಬೇಡ. ದಂಡದ ಸುದ್ದಿ ಅವರಿಗೊಬ್ಬರಿಗೇ ಹೋಗಲಿ. ಯಾರು ಯಾವ ಪುಸ್ತಕ ಓದುತ್ತಿದ್ದಾರೆ ಅನ್ನುವುದೂ ಅಷ್ಟೇ. ಮನೋರೋಗದ ಬಗ್ಗೆಯೋ ವಿಚ್ಛೇದನದ ಕಾನೂನಿನ ಬಗ್ಗೆಯೋ ಪುಸ್ತಕ ಹಿಡಿದು ಮೂಲೆಯಲ್ಲಿ ಕೂತವರ ಫೋಟೊ ರೀಲ್‌ನಲ್ಲಿ ಬಂದರೆ ಅವರು ಇನ್ನೆಂದೂ ಲೈಬ್ರರಿಗೆ ಬರಲಾರರು. ಕೇಳದೆ ಯಾರ ಮುಖವನ್ನೂ ತೆಗೆಯಬೇಡಿ.

ಇನ್ನು ಹೊರಗಿನವರು ಏನು ಮಾಡುತ್ತಾರೆ ಅಂತ ಕೇಳಿದ್ದೀರಿ. ಎಲ್ಲರೂ ಹೇಳುವ ಉದಾಹರಣೆ ಅಮೆರಿಕದ ಬ್ರಿಗ್‌ಹ್ಯಾಮ್ ಯಂಗ್ ವಿಶ್ವವಿದ್ಯಾಲಯದ ಹೆರಾಲ್ಡ್ ಬಿ. ಲೀ ಲೈಬ್ರರಿಯದು. 2010ರಲ್ಲಿ ಅವರು ಓಲ್ಡ್ ಸ್ಪೈಸ್ ಜಾಹೀರಾತನ್ನು ಅಣಕಿಸಿ, ಲೈಬ್ರರಿಗೆ ಬಂದು ಓದಿ ಅಂತ ಹೇಳುವ ಯೂಟ್ಯೂಬ್ ವಿಡಿಯೊ ಮಾಡಿದರು. ಲಕ್ಷಗಟ್ಟಲೆ ಜನ ನೋಡಿದರು. ಒಳ್ಳೆಯದೇ. ಆದರೆ ನೋಡಿದವರಲ್ಲಿ ಅವರ ಲೈಬ್ರರಿಯ ಬಾಗಿಲು ಕಾಣದವರೇ ಹೆಚ್ಚು ಅಲ್ವಾ? ಅಂಥದ್ದರ ಹಿಂದೆ ಬೀಳುವ ಅಗತ್ಯ ನಿಮಗಿಲ್ಲ. ಎಡಿನ್‌ಬರಾ ವಿಶ್ವವಿದ್ಯಾಲಯದಲ್ಲಿ ಮುಖ್ಯ ಲೈಬ್ರರಿಗೆ ಬಂದು ಕುರ್ಚಿಯ ಮೇಲೆ ಮಲಗುತ್ತಿದ್ದ ಬೆಕ್ಕೊಂದರ ಹೆಸರಿನಲ್ಲಿ ಫೇಸ್‌ಬುಕ್ ಪುಟ ಇತ್ತು. ಜನ ಅದನ್ನು ಬಹಳ ಪ್ರೀತಿಸಿದರು. ಆ ಪುಟ ನಡೆಸುತ್ತಿದ್ದದ್ದು ಲೈಬ್ರರಿ ಅಲ್ಲ, ಅಲ್ಲಿಯ ಒಬ್ಬ ವಿದ್ಯಾರ್ಥಿ. ಇದರಲ್ಲಿ ನಾವು ಕಲಿಯಬೇಕಾದದ್ದಿದೆ. ವಿದ್ಯಾರ್ಥಿಯ ಮಾತು ವಿದ್ಯಾರ್ಥಿಗೆ ಬೇಗ ತಲುಪುತ್ತದೆ. ನಿಮ್ಮಲ್ಲೂ ಫೋನಿನಲ್ಲಿ ಚೆನ್ನಾಗಿ ವಿಡಿಯೊ ಮಾಡುವ ಇಬ್ಬರು ಮೂವರು ಸಿಕ್ಕೇ ಸಿಗುತ್ತಾರೆ. ಪತ್ರಿಕೋದ್ಯಮ ವಿಭಾಗದಲ್ಲಿ ಕೇಳಿ ನೋಡಿ. ಒಂದು ಸೆಮಿಸ್ಟರ್ ಜೊತೆಗಿಟ್ಟುಕೊಂಡು ಕೊನೆಗೆ ಒಂದು ಪ್ರಮಾಣಪತ್ರ ಕೊಡಿ.

ನನಗೆ ಹೆಚ್ಚು ಇಷ್ಟವಾದದ್ದು ಅಯೋವಾ ವಿಶ್ವವಿದ್ಯಾಲಯದ ವಿಶೇಷ ಸಂಗ್ರಹ ವಿಭಾಗದವರ ರೀತಿ. ಅವರ ಬಳಿ ಬೆಂಕಿಪೊಟ್ಟಣದಷ್ಟು ಸಣ್ಣ ಪುಸ್ತಕಗಳ ದೊಡ್ಡ ಸಂಗ್ರಹ ಇದೆ. ಸೋಮವಾರಕ್ಕೊಂದು ಅಂತ ಅಂಥ ಪುಸ್ತಕಗಳನ್ನು ಟಂಬ್ಲರ್ ಅನ್ನುವ ಜಾಲತಾಣದಲ್ಲಿ ತೋರಿಸುತ್ತಿದ್ದರು. ಬೀಗದೊಳಗೆ ಇದ್ದದ್ದನ್ನು ಹೊರಗೆ ತಂದರು, ಅಷ್ಟೆ. 2016ರಿಂದ ಪ್ರತಿ ಫೆಬ್ರವರಿಯ ಮೊದಲ ವಾರ ಇನ್ನೊಂದು ನಡೆಯುತ್ತಿದೆ. ನ್ಯೂಯಾರ್ಕ್ ಅಕಾಡೆಮಿ ಆಫ್ ಮೆಡಿಸಿನ್‌ನ ಲೈಬ್ರರಿ ಶುರು ಮಾಡಿದ್ದು. ವಿಶ್ವವಿದ್ಯಾಲಯಗಳ ಲೈಬ್ರರಿಗಳೂ ಸೇರಿ ಹಲವರು ತಮ್ಮ ಹಳೆಯ ಪುಸ್ತಕಗಳ ಚಿತ್ರಗಳನ್ನು ಬಣ್ಣ ತುಂಬುವ ಹಾಳೆಗಳನ್ನಾಗಿ ಮಾಡಿ ಉಚಿತವಾಗಿ ಹಂಚುತ್ತಾರೆ. ಖರ್ಚು ಸ್ಕ್ಯಾನರಿನದು ಮಾತ್ರ.

ನಮ್ಮಲ್ಲಿ ತೋರಿಸೋಕೆ ಏನೂ ಇಲ್ಲ ಅಂತ ಮಾತ್ರ ಹೇಳಬೇಡಿ. ಮೈಸೂರಿನಲ್ಲಿ 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿಯ ತಾಳೆಗರಿಗಳ ನಡುವೆ 1905ರಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿತು. 1909ರಲ್ಲಿ ಅಚ್ಚಾಯಿತು. ಇಂದು ಆ ಸಂಸ್ಥೆ ಮೈಸೂರು ವಿಶ್ವವಿದ್ಯಾಲಯದ್ದೇ. ಅಷ್ಟು ದೊಡ್ಡದು ಎಲ್ಲರ ಬಳಿ ಇರುವುದಿಲ್ಲ, ಸರಿ. ಆದರೆ ಒಂದು ತಾಳೆಗರಿ ಇದ್ದರೂ ಸಾಕು. ಗರಿಗೆ ನಿಂಬೆಹುಲ್ಲಿನ ಎಣ್ಣೆ ಹತ್ತಿಯಲ್ಲಿ ಅದ್ದಿ ಸವರುವುದು, ಮಸಿ ಉಜ್ಜಿದಾಗ ಕಾಣದಿದ್ದ ಅಕ್ಷರ ನಿಧಾನವಾಗಿ ಕಪ್ಪಾಗಿ ಎದ್ದು ಬರುವುದು. ಇದನ್ನು ಒಂದು ನಿಮಿಷ ತೋರಿಸಿ. ಮಾತು ಬೇಡ, ಹಾಡೂ ಬೇಡ. ತಾಳೆಗರಿ ಇಲ್ಲದಿದ್ದರೆ ಲೈಬ್ರರಿಗೆ ಬಂದ ಪುಸ್ತಕಗಳನ್ನೆಲ್ಲ ಬರೆದಿಡುವ ನಿಮ್ಮ ಹಳೆಯ ಆಕ್ಸೆಷನ್ ರಿಜಿಸ್ಟರಿನ ಮೊದಲ ಪುಟ ಇದ್ದೇ ಇದೆ. ಲೈಬ್ರರಿ ಕೊಂಡ ಮೊದಲ ಪುಸ್ತಕ ಯಾವುದು, ಅದರ ಬೆಲೆ ಎಷ್ಟಿತ್ತು? ಆ ಪುಸ್ತಕ ಇನ್ನೂ ಕಪಾಟಿನಲ್ಲಿದ್ದರೆ ಅದನ್ನೂ ಪಕ್ಕದಲ್ಲಿಟ್ಟು ತೋರಿಸಿ.

ಪುಸ್ತಕದ ಪುಟಗಳನ್ನು ಹಾಕುವಾಗ ಹಕ್ಕುಸ್ವಾಮ್ಯ ನೋಡಿಕೊಳ್ಳಿ. ಲೇಖಕರು ಬದುಕಿದ್ದಾಗ ಪ್ರಕಟವಾದ ಪುಸ್ತಕಕ್ಕೆ ಅವರು ತೀರಿಕೊಂಡ ವರ್ಷದ ನಂತರ ಇನ್ನೂ 60 ವರ್ಷ ಹಕ್ಕು ಇರುತ್ತದೆ. ಗೋವಿಂದ ಪೈ ಅವರು ಹೋದದ್ದು 1963ರಲ್ಲಿ, ಹಾಗಾಗಿ 2024ರಿಂದ ಅವರ ಅಂಥ ಪುಸ್ತಕಗಳು ಎಲ್ಲರವು. ಕುವೆಂಪು ಅವರು ಹೋದದ್ದು 1994ರಲ್ಲಿ, ಅವರವು 2054ರ ಕೊನೆವರೆಗೆ ಎಲ್ಲರವು ಆಗುವುದಿಲ್ಲ. ಜಯಂತಿಯ ದಿನ ಪೂರ್ತಿ ಕವನವನ್ನು ಪೋಸ್ಟರ್ ಮಾಡುವ ಬದಲು ಹೀಗೆ ಮಾಡಿ: ಮುಖಪುಟದ ಫೋಟೊ, ಜೊತೆಗೆ "ಎರಡನೇ ಮಹಡಿ, ಎಡಗಡೆ ಮೂರನೇ ಸಾಲು, ನಾಲ್ಕು ಪ್ರತಿ ಇವೆ" ಅನ್ನುವ ಒಂದು ಸಾಲು. ಜಯಂತಿ ಪೋಸ್ಟರ್ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಅದು ಓದುಗರನ್ನು ಕಪಾಟಿನವರೆಗೆ ಕರೆದುಕೊಂಡು ಬರಲಿ.

ಸಂಶೋಧನಾ ವಿದ್ಯಾರ್ಥಿಗಳಿಗೆ ಬೇರೆಯೇ ಬೇಕು. ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆ 2025ರ ಜನವರಿ 1ರಂದು ಶುರುವಾಗಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಈ ಯೋಜನೆಯಲ್ಲಿ ಸಿಗುತ್ತವೆ. ನಿಮ್ಮ ಎಷ್ಟು ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಇದು ಗೊತ್ತು? ಗೊತ್ತಿದ್ದವರಲ್ಲಿ ಎಷ್ಟು ಜನರಿಗೆ ಲಾಗಿನ್ ಆಗುವುದು ಗೊತ್ತು? ಲೇಖನಕ್ಕೆ ಸ್ವಂತ ದುಡ್ಡು ಕೊಟ್ಟವರನ್ನು, ಟೆಲಿಗ್ರಾಂನಲ್ಲಿ ಕದ್ದ ಪಿಡಿಎಫ್ ಹುಡುಕುವವರನ್ನು ನಾನು ನೋಡಿದ್ದೇನೆ. ತಪ್ಪು ಅವರದಲ್ಲ, ನಾವು ಹೇಳಿಲ್ಲ. ಪರದೆಯ ಮೇಲೆ ಎಲ್ಲಿ ಒತ್ತಬೇಕು, ಆಮೇಲೆ ಏನು ಬರುತ್ತದೆ ಅಂತ ಹಂತಹಂತವಾಗಿ ಕನ್ನಡದಲ್ಲಿ ಹೇಳುವ ಎರಡು ನಿಮಿಷದ ವಿಡಿಯೊ ಯೂಟ್ಯೂಬ್‌ನಲ್ಲಿ ಇಟ್ಟರೆ ವರ್ಷಪೂರ್ತಿ ಕೆಲಸಕ್ಕೆ ಬರುತ್ತದೆ. ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ತಮ್ಮ ವಿಷಯದ ಹಳೆಯ ಪ್ರಬಂಧ ಹುಡುಕುವುದು ಇನ್ನೊಂದು ವಿಡಿಯೊ. ಪ್ಲೇಜಿಯರಿಸಂ, ಅಂದರೆ ಕೃತಿಚೌರ್ಯದ ಬಗ್ಗೆ ಮತ್ತೊಂದು: ಯುಜಿಸಿಯ 2018ರ ನಿಯಮದಲ್ಲಿ ಬೇರೆ ಬರಹಗಳ ಜೊತೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆ ಇಲ್ಲ. ಪ್ರಬಂಧ ಸಲ್ಲಿಸುವ ದಿನ ಓಡಿಬಂದು ರಿಪೋರ್ಟ್ ನೋಡಿ ಕಣ್ಣೀರು ಹಾಕುವ ಬದಲು, ಮೂರು ತಿಂಗಳು ಮೊದಲೇ ಒಂದು ಅಧ್ಯಾಯ ತಂದು ತೋರಿಸಿ ಅಂತ ಅದರಲ್ಲಿ ಹೇಳಿ.

ತುರ್ತಿನ ಹೊತ್ತಿಗೂ ಈ ಪುಟಗಳು ಬೇಕು. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿಯಾಗಿ ವೆಬ್‌ಸೈಟ್, ಕ್ಯಾಟಲಾಗ್ ಎಲ್ಲ ನಿಂತಾಗ ಅವರು ಓದುಗರಿಗೆ ಸುದ್ದಿ ಮುಟ್ಟಿಸಿದ್ದು ಎಕ್ಸ್ (ಹಿಂದಿನ ಟ್ವಿಟರ್) ಮೂಲಕ. ನಿಮ್ಮಲ್ಲಿ ಸರ್ವರ್ ಕೆಟ್ಟರೆ, ಮಳೆಗೆ ಕರೆಂಟ್ ಹೋದರೆ, ಪರೀಕ್ಷೆಗೆ ಸಮಯ ಹೆಚ್ಚಿಸಿದರೆ ಮೊದಲು ಚಾನೆಲ್‌ನಲ್ಲಿ ಬರಲಿ, ಸುತ್ತೋಲೆ ಆಮೇಲೆ ಬರಲಿ. ಇದಕ್ಕೆ ಕುಲಸಚಿವರಿಂದ ಮೊದಲೇ ಒಂದು ಪುಟದ ಅನುಮತಿ ಪಡೆದಿಟ್ಟುಕೊಳ್ಳಿ. ಯಾರು ಹಾಕಬಹುದು, ಏನು ಹಾಕಬಾರದು, ಬೈಗುಳ ಬಂದರೆ ಏನು ಮಾಡುವುದು, ಇಷ್ಟು ಅದರಲ್ಲಿದ್ದರೆ ಸಾಕು. ದೂರು ಬಂದರೆ ಅಳಿಸಬೇಡಿ. "ಎರಡನೇ ಮಹಡಿಯಲ್ಲಿ ಫ್ಯಾನ್ ತಿರುಗ್ತಿಲ್ಲ" ಅಂತ ಬರೆದವನಿಗೆ, ರಿಪೇರಿಯಾದ ದಿನ ತಿರುಗುತ್ತಿರುವ ಫ್ಯಾನಿನ ವಿಡಿಯೊವನ್ನೇ ಉತ್ತರವಾಗಿ ಕಳಿಸಿ.

ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರಗಳನ್ನು ಕೊಟ್ಟ ಎಸ್. ಆರ್. ರಂಗನಾಥನ್ ಅವರು ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು. 1962ರಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ, ಸಂಶೋಧನೆಯ ಕೇಂದ್ರವಾದ ಡಿಆರ್‌ಟಿಸಿ ಕಟ್ಟಿದ್ದೂ ಇಲ್ಲೇ. ಅವರ ನಾಲ್ಕನೇ ಸೂತ್ರ ನಮಗೆಲ್ಲ ಬಾಯಿಪಾಠ: ಓದುಗರ ಸಮಯ ಉಳಿಸಿ. ಲೈಕ್ ಎಣಿಸುವ ಬದಲು ಇದನ್ನು ಅಳತೆ ಮಾಡಿಕೊಳ್ಳಿ. ವಿಡಿಯೊ ಹಾಕಿದ ಮೇಲೆ ಕೌಂಟರಿನಲ್ಲಿ ಅದೇ ಪ್ರಶ್ನೆ ಎಷ್ಟು ಕಡಿಮೆಯಾಯಿತು? ಮುಖಪುಟ ತೋರಿಸಿದ ಪುಸ್ತಕ ಆ ವಾರ ಎಷ್ಟು ಸಲ ಇಷ್ಯೂ ಆಯಿತು? ಜರ್ನಲ್ ಲಾಗಿನ್ ಎಷ್ಟು ಹೆಚ್ಚಿತು? ತಿಂಗಳಿಗೆ ಎಷ್ಟು ಪ್ರಶ್ನೆ ಮೆಸೇಜಿನಲ್ಲಿ ಬಂತು, ಎಷ್ಟಕ್ಕೆ ಅದೇ ದಿನ ಉತ್ತರ ಕೊಟ್ಟೆವು? ಈ ಸಂಖ್ಯೆಗಳನ್ನು ರಿಜಿಸ್ಟರಿನಲ್ಲಿ ಬರೆದಿಡಿ. ವಿಶ್ವವಿದ್ಯಾಲಯದ ಗುಣಮಟ್ಟ ನೋಡುವ ನ್ಯಾಕ್ ತಂಡ ಬಂದಾಗ ತೋರಿಸಲೂ ಇವು ಇರುತ್ತವೆ.

ಜನ ಇಲ್ಲ ಅಂದಿರಿ. ಹಾಗಾದರೆ ವಾರಕ್ಕೆ ಎರಡೇ ಪೋಸ್ಟ್ ಸಾಕು. ಒಂದು ನೋಟ್‌ಬುಕ್‌ನ ಪ್ರಶ್ನೆಗೆ ಉತ್ತರ, ಇನ್ನೊಂದು ಕಪಾಟಿನಿಂದ ತೆಗೆದ ಒಂದು ಪುಸ್ತಕ. ಉಳಿದ ಸಮಯವೆಲ್ಲ ಮೆಸೇಜ್‌ಗಳಿಗೆ. ನೋಟ್‌ಬುಕ್ ನಾಳೆಯೇ ಕೌಂಟರಿಗೆ ಬರಲಿ, ದಾರ ಕಟ್ಟಿ ಒಂದು ಪೆನ್ನೂ ಇಡಿ. ಹದಿನೈದು ದಿನ ಆದ ಮೇಲೆ ಆ ಪುಟಗಳ ಫೋಟೊ ಕಳಿಸಿದರೆ, ಯಾವುದಕ್ಕೆ ವಿಡಿಯೊ ಬೇಕು, ಯಾವುದಕ್ಕೆ ಮೂರು ಸಾಲು ಸಾಕು ಅಂತ ಕೂತು ನೋಡೋಣ.